ಮಂಗಳಕ್ಕೆ ಮನುಷ್ಯರನ್ನು ಕಳುಹಿಸಬೇಕೆ? ಯಾತಕ್ಕೆ, ಯಾವಾಗ?

ಪ್ರಶ್ನೆ: ನಾನು ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಸೌರಮಂಡಲದ ಪಾಠ ಮಾಡುವಾಗ ಮಂಗಳಕ್ಕೆ ಮನುಷ್ಯರನ್ನು ಕಳುಹಿಸುವ ಮಾತು ಬಂದರೆ ಮಕ್ಕಳಲ್ಲಿ ಎರಡು ಪಂಗಡಗಳಾಗುತ್ತವೆ. ಭೂಮಿ ಹಾಳಾದರೆ ಮಂಗಳವೇ ಗತಿ, ಆದ್ದರಿಂದ ಹೋಗಲೇಬೇಕು ಎಂದು ಕೆಲವರು ಹೇಳುತ್ತಾರೆ. ನಮ್ಮ ಮಂಗಳಯಾನ 450 ಕೋಟಿ ರೂಪಾಯಿಯಲ್ಲಿ ಅಲ್ಲಿಗೆ ತಲುಪಿತು, ರೋವರ್‌ಗಳು ಕೆಲಸ ಮಾಡುತ್ತಿವೆ, ಹಾಗಿರುವಾಗ ಜೀವ ಪಣಕ್ಕಿಟ್ಟು ಮನುಷ್ಯರು ಯಾಕೆ ಹೋಗಬೇಕು ಎಂದು ಉಳಿದವರು ಕೇಳುತ್ತಾರೆ. ಈ ಬಗ್ಗೆ ಇರುವ ವಾದ, ಪ್ರತಿವಾದಗಳೇನು? ನಿಮ್ಮ ಅಭಿಪ್ರಾಯವೇನು?

ಉತ್ತರ: ನಿಮ್ಮ ತರಗತಿಯಲ್ಲಿ ನಡೆಯುವ ಚರ್ಚೆ ವಿಜ್ಞಾನಿಗಳ ನಡುವೆಯೂ ದಶಕಗಳಿಂದ ನಡೆದಿದೆ. ಭೂಮಿಯನ್ನು ಸುತ್ತುವರಿದ ವಿಕಿರಣ ಪಟ್ಟಿಗಳನ್ನು ಕಂಡುಹಿಡಿದ ಜೇಮ್ಸ್ ವ್ಯಾನ್ ಅಲೆನ್ ಅವರು, ಬಾಹ್ಯಾಕಾಶಕ್ಕೆ ಮನುಷ್ಯರನ್ನು ಕಳುಹಿಸುವುದು ಹಣಕ್ಕೂ ವಿಜ್ಞಾನಕ್ಕೂ ನಷ್ಟವೆಂದು ಬಲವಾಗಿ ವಾದಿಸಿದರು. ಸ್ಪಿರಿಟ್ ಮತ್ತು ಆಪರ್ಚುನಿಟಿ ರೋವರ್‌ಗಳ ವಿಜ್ಞಾನ ತಂಡವನ್ನು ಮುನ್ನಡೆಸಿದ ಸ್ಟೀವ್ ಸ್ಕ್ವೈರ್ಸ್ ಅವರು ವರ್ಷಗಟ್ಟಲೆ ಯಂತ್ರಗಳ ಮೂಲಕವೇ ಮಂಗಳವನ್ನು ನೋಡಿದವರಾದರೂ ಅಲ್ಲಿಗೆ ಮನುಷ್ಯರು ಹೋಗಬೇಕೆಂದೇ ಹೇಳಿದರು. ಇಬ್ಬರಿಗೂ ವಿಷಯ ಚೆನ್ನಾಗಿ ಗೊತ್ತಿತ್ತು. ಹೀಗಿರುವಾಗ ಭಿನ್ನಾಭಿಪ್ರಾಯ ಹುಟ್ಟುವುದು ಹೋಗುವ ಉದ್ದೇಶದ ಬಗ್ಗೆ. ತಿಳಿಯಲು ಹೋಗುವುದು, ನೆಲೆಸಲು ಹೋಗುವುದು, ದೇಶದ ಬಾವುಟ ನೆಡಲು ಹೋಗುವುದು, ಈ ಮೂರಕ್ಕೂ ಬೇರೆ ಬೇರೆ ಉತ್ತರಗಳಿವೆ. ಮೂರನ್ನೂ ಕಲಸಿಕೊಂಡು ವಾದಿಸಿದರೆ ಚರ್ಚೆ ಎಲ್ಲಿಗೂ ಮುಟ್ಟುವುದಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮನುಷ್ಯರು ಒಂದು ದಿನ ಮಂಗಳದ ನೆಲದ ಮೇಲೆ ಕೆಲಸ ಮಾಡಬೇಕು ಎಂದು ನಾನು ನಂಬುತ್ತೇನೆ. ಆದರೆ ಅಲ್ಲಿ ಜೀವ ಇದೆಯೇ, ಹಿಂದೆ ಇತ್ತೇ ಎಂಬುದನ್ನು ಯಂತ್ರಗಳ ನೆರವಿನಿಂದ ಸಾಕಷ್ಟು ಹುಡುಕಿ ನೋಡುವ ಮೊದಲು ಇಳಿಯುವುದು ದೊಡ್ಡ ತಪ್ಪಾಗುತ್ತದೆ.

ಯಂತ್ರಗಳೇ ಸಾಕು ಎನ್ನುವವರ ಮಾತಿನಿಂದ ಆರಂಭಿಸೋಣ, ಏಕೆಂದರೆ ಅದು ಅರ್ಧ ಮಾತ್ರ ನಿಜ. ಆಪರ್ಚುನಿಟಿ ರೋವರ್ 2004ರ ಜನವರಿಯಲ್ಲಿ ಇಳಿದು 2018ರ ಜೂನ್‌ನಲ್ಲಿ ಸಂಪರ್ಕ ಕಡಿದುಕೊಳ್ಳುವವರೆಗೆ ಹದಿನಾಲ್ಕು ವರ್ಷಗಳಲ್ಲಿ ಸುಮಾರು 45 ಕಿಲೋಮೀಟರ್ ಸಾಗಿತು. 1972ರ ಡಿಸೆಂಬರ್‌ನಲ್ಲಿ ಅಪೋಲೊ 17ರ ಯೂಜಿನ್ ಸರ್ನನ್ ಮತ್ತು ಹ್ಯಾರಿಸನ್ ಶ್ಮಿಟ್ ಚಂದ್ರನ ಮೇಲೆ ಮೂರು ದಿನಗಳಲ್ಲಿ ಸುಮಾರು 35 ಕಿಲೋಮೀಟರ್ ಓಡಾಡಿ, 110 ಕಿಲೋಗ್ರಾಂನಷ್ಟು ಕಲ್ಲುಮಣ್ಣು ಹೊತ್ತು ತಂದರು. ದೂರಕ್ಕಿಂತ ಮುಖ್ಯವಾದದ್ದು ಕಣ್ಣು. ಶ್ಮಿಟ್ ಭೂವಿಜ್ಞಾನಿ. ಶಾರ್ಟಿ ಎಂಬ ಕುಳಿಯ ಅಂಚಿನಲ್ಲಿ ನಡೆಯುವಾಗ ಬೂದುಬಣ್ಣದ ನೆಲದ ನಡುವೆ ಕಿತ್ತಳೆ ಬಣ್ಣದ ಮಣ್ಣು ಅವರಿಗೆ ಕಂಡಿತು. ಅಲ್ಲಿಯೇ ನಿಂತು ಅಗೆದರು. ಅದು 350 ಕೋಟಿ ವರ್ಷಗಳಿಗೂ ಹಿಂದೆ ಜ್ವಾಲಾಮುಖಿಯಿಂದ ಚಿಮ್ಮಿದ ಗಾಜಿನ ಸಣ್ಣ ಮಣಿಗಳೆಂದು ಆಮೇಲೆ ತಿಳಿಯಿತು. ಆ ಮಣಿಗಳೊಳಗೆ ನೀರಿನ ಅಂಶ ಸೆರೆಯಾಗಿದೆ ಎಂಬುದು 2011ರಲ್ಲಿ ಗೊತ್ತಾಯಿತು. ಮಣ್ಣು ತಂದದ್ದರಿಂದಲೇ, ಅದನ್ನು ತಂದಾಗ ಇನ್ನೂ ಇಲ್ಲದಿದ್ದ ಉಪಕರಣಗಳಿಂದ ನಾಲ್ಕು ದಶಕಗಳ ನಂತರ ಪರೀಕ್ಷಿಸಲು ಸಾಧ್ಯವಾಯಿತು.

ಇನ್ನೊಂದು ಉದಾಹರಣೆ ಮಂಗಳದ್ದೇ. 2018ರ ನವೆಂಬರ್‌ನಲ್ಲಿ ಇಳಿದ ಇನ್‌ಸೈಟ್ ಲ್ಯಾಂಡರ್‌ನಲ್ಲಿ ನೆಲದೊಳಗಿನ ಶಾಖವನ್ನು ಅಳೆಯುವ ಉಪಕರಣವೊಂದಿತ್ತು. ಅದು ತನ್ನನ್ನು ತಾನೇ ಬಡಿದುಕೊಳ್ಳುತ್ತ 5 ಮೀಟರ್‌ವರೆಗೆ ಇಳಿಯಬೇಕಿತ್ತು. ಅಲ್ಲಿನ ಮಣ್ಣು ನಿರೀಕ್ಷಿಸಿದಷ್ಟು ಹಿಡಿತ ಕೊಡಲಿಲ್ಲ. ಬಡಿದಷ್ಟೂ ಉಪಕರಣ ಮೇಲಕ್ಕೇ ಪುಟಿಯಿತು. ಎಂಜಿನಿಯರುಗಳು ಸುಮಾರು ಎರಡು ವರ್ಷ ಲ್ಯಾಂಡರಿನ ಕೈಯಿಂದ ಒತ್ತಿ, ಮಣ್ಣು ಸರಿಸಿ, ಸಾಧ್ಯವಿದ್ದದ್ದನ್ನೆಲ್ಲ ಮಾಡಿ, ಉಪಕರಣ ನೆಲದ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಹೋದಾಗ 2021ರ ಜನವರಿಯಲ್ಲಿ ಪ್ರಯತ್ನ ಕೈಬಿಟ್ಟರು. ಅಲ್ಲಿ ಒಬ್ಬ ಮನುಷ್ಯ ಇದ್ದಿದ್ದರೆ ಅದನ್ನು ಕಿತ್ತು ಪಕ್ಕದಲ್ಲಿ ಬೇರೆ ಗುಂಡಿ ತೋಡಿ ಇಳಿಸುವುದು ಒಂದು ಮಧ್ಯಾಹ್ನದ ಕೆಲಸವಾಗುತ್ತಿತ್ತು. ಮಂಗಳದಲ್ಲಿ ಜೀವ ಉಳಿದಿದ್ದರೆ ಅದು ಆಳದಲ್ಲಿ ಇರುವ ಸಂಭವವೇ ಹೆಚ್ಚು. ಆಳವಾಗಿ ಕೊರೆಯುವ ಕೆಲಸದಲ್ಲಿ ಯಂತ್ರ ಸಿಕ್ಕಿಹಾಕಿಕೊಳ್ಳುವುದು, ಬಿಟ್ ಮುರಿಯುವುದು, ಮಣ್ಣು ಕುಸಿಯುವುದು ದಿನನಿತ್ಯದ ಸಂಗತಿ. ಇದನ್ನು ನಮ್ಮ ಊರುಗಳಲ್ಲಿ ಬೋರ್‌ವೆಲ್ ಕೊರೆಸಿದವರಿಗೆ ವಿವರಿಸಬೇಕಾಗಿಲ್ಲ. ಆದ್ದರಿಂದ ಮನುಷ್ಯರ ಪರವಾದ ವೈಜ್ಞಾನಿಕ ವಾದ ಗಟ್ಟಿಯಾಗಿದೆ, ಅದನ್ನು ಕನಸುಗಾರರ ಮಾತೆಂದು ತಳ್ಳಿಹಾಕಲಾಗದು.

ಜೊತೆಗೆ ದೂರದ ಸಮಸ್ಯೆ ಇದೆ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ನಮ್ಮ ಮಂಗಳಯಾನ ನೌಕೆ ಮಂಗಳದ ಕಕ್ಷೆಗೆ ಸೇರಲು ತನ್ನ ಎಂಜಿನನ್ನು ಸುಮಾರು 24 ನಿಮಿಷ ಉರಿಸಿದಾಗ, ಅದರ ಸಂಕೇತ ಬೆಂಗಳೂರಿಗೆ ಬಂದು ಮುಟ್ಟಲು ಹನ್ನೆರಡು ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ಪೀಣ್ಯದ ನಿಯಂತ್ರಣ ಕೊಠಡಿಯಲ್ಲಿದ್ದವರು ಏನೂ ಮಾಡುವಂತಿರಲಿಲ್ಲ. ಆದೇಶಗಳನ್ನೆಲ್ಲ ಮೊದಲೇ ನೌಕೆಯ ಕಂಪ್ಯೂಟರಿಗೆ ತುಂಬಿಸಿ ಕಾಯಬೇಕಿತ್ತು. ಭೂಮಿ ಮತ್ತು ಮಂಗಳ ಎಲ್ಲೆಲ್ಲಿವೆ ಎಂಬುದರ ಮೇಲೆ ಈ ವಿಳಂಬ ಒಂದು ದಿಕ್ಕಿಗೆ 3ರಿಂದ 22 ನಿಮಿಷದವರೆಗೆ ಬದಲಾಗುತ್ತದೆ. ರೋವರ್ ಒಂದು ಕಲ್ಲನ್ನು ನೋಡಿ, ಚಿತ್ರ ಕಳುಹಿಸಿ, ಇಲ್ಲಿನವರು ಚರ್ಚಿಸಿ, ಮರುದಿನದ ಆದೇಶ ಕಳುಹಿಸುವಷ್ಟರಲ್ಲಿ ಭೂವಿಜ್ಞಾನಿಯೊಬ್ಬರು ಅಂಥ ಹತ್ತಾರು ಕಲ್ಲುಗಳನ್ನು ಒಡೆದು ನೋಡಿರುತ್ತಾರೆ.

ಇಷ್ಟಾದರೂ ಯಂತ್ರಗಳ ಪರವಾದಿಗಳಿಗೆ ಒಳ್ಳೆಯ ಉತ್ತರವಿದೆ. ಅಪೋಲೊ ಕಾಲದ ಯಂತ್ರಗಳೊಡನೆ ಇಂದಿನ ಯಂತ್ರಗಳನ್ನು ಹೋಲಿಸಲಾಗದು. ಇಂಜೆನ್ಯುಯಿಟಿ ಎಂಬ ಪುಟ್ಟ ಹೆಲಿಕಾಪ್ಟರ್ 2021ರಿಂದ 2024ರ ಜನವರಿಯವರೆಗೆ ಮಂಗಳದ ತೆಳು ಗಾಳಿಯಲ್ಲಿ 72 ಸಲ ಹಾರಿತು. ಐದು ಹಾರಾಟ ಸಾಕು ಎಂಬ ಲೆಕ್ಕದಲ್ಲಿ ಅದನ್ನು ಕಳುಹಿಸಲಾಗಿತ್ತು. ಚೀನಾದ ಚಾಂಗ್'ಎ 6 ನೌಕೆ 2024ರ ಜೂನ್‌ನಲ್ಲಿ ಚಂದ್ರನ ಆಚೆ ಬದಿಯಿಂದ ಸುಮಾರು 1.9 ಕಿಲೋಗ್ರಾಂ ಮಣ್ಣನ್ನು ಮನುಷ್ಯರ ನೆರವಿಲ್ಲದೆ ತಂದಿತು. ಮಾದರಿ ತರುವುದೊಂದೇ ಗುರಿಯಾದರೆ ಮನುಷ್ಯರು ಹೋಗಬೇಕಾದ ಅನಿವಾರ್ಯತೆ ಕಡಿಮೆಯಾಗುತ್ತಿದೆ.

ಮನುಷ್ಯರ ವಿರುದ್ಧದ ವಾದಗಳಲ್ಲಿ ದೇಹಕ್ಕೆ ಸಂಬಂಧಿಸಿದವು ಎಲ್ಲರ ಬಾಯಲ್ಲೂ ಇವೆ, ಆದರೆ ಅಂಕಿಗಳನ್ನು ನೋಡಿದವರು ಕಡಿಮೆ. ಭೂಮಿ ಮತ್ತು ಮಂಗಳ ಅನುಕೂಲವಾದ ಸ್ಥಾನಕ್ಕೆ ಬರುವುದು 26 ತಿಂಗಳಿಗೊಮ್ಮೆ. ಈಗಿನ ರಾಕೆಟ್‌ಗಳಲ್ಲಿ ಹೋಗಲು ಏಳರಿಂದ ಒಂಬತ್ತು ತಿಂಗಳು ಬೇಕು, ಹಿಂತಿರುಗಲು ಅಷ್ಟೇ ಬೇಕು, ನಡುವೆ ಗ್ರಹಗಳು ಮತ್ತೆ ಸಾಲಿಗೆ ಬರುವವರೆಗೆ ಸುಮಾರು 500 ದಿನ ಅಲ್ಲಿಯೇ ಇರಬೇಕು. ಒಟ್ಟು ಎರಡೂವರೆ ವರ್ಷದ ಮೇಲಾಯಿತು. ಕ್ಯೂರಿಯಾಸಿಟಿ ರೋವರ್ ತನ್ನೊಡನೆ ಒಯ್ದ ವಿಕಿರಣ ಮಾಪಕ ದಾರಿಯಲ್ಲಿ ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್ (ದೇಹಕ್ಕೆ ತಾಗುವ ವಿಕಿರಣದ ಅಳತೆ), ಮಂಗಳದ ನೆಲದ ಮೇಲೆ ದಿನಕ್ಕೆ ಸುಮಾರು 0.65 ಮಿಲಿಸೀವರ್ಟ್ ವಿಕಿರಣವನ್ನು ದಾಖಲಿಸಿತು. ಹೋಗಿಬರುವ ದಾರಿ ಬೇಗ, ಒಂದೇ ವರ್ಷದಲ್ಲಿ ಮುಗಿಯುತ್ತದೆಂದು ಇಟ್ಟುಕೊಂಡರೂ, ಅದನ್ನು ಮತ್ತು ಅಲ್ಲಿನ 500 ದಿನಗಳನ್ನು ಕೂಡಿದರೆ ಸುಮಾರು 1,000 ಮಿಲಿಸೀವರ್ಟ್ ಆಗುತ್ತದೆ. ಭೂಮಿಯ ಮೇಲೆ ಒಬ್ಬರಿಗೆ ಪ್ರಕೃತಿಯಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಾಗುತ್ತದೆ, ಅಂದರೆ ಇದು ಸುಮಾರು ನಾನೂರು ವರ್ಷಗಳ ಪಾಲು. ನಾಸಾ ತನ್ನ ಗಗನಯಾತ್ರಿಗಳಿಗೆ ಇಡೀ ವೃತ್ತಿಜೀವನಕ್ಕೆ ವಿಧಿಸಿರುವ ಮಿತಿ 600 ಮಿಲಿಸೀವರ್ಟ್. ಈ ಪ್ರಮಾಣದಿಂದ ಯಾರೂ ದಾರಿಯಲ್ಲೇ ಸಾಯುವುದಿಲ್ಲ. ಕ್ಯಾನ್ಸರ್‌ನಿಂದ ಸಾಯುವ ಸಂಭವ ಶೇಕಡಾ ಐದರಷ್ಟು ಹೆಚ್ಚುತ್ತದೆ ಎಂಬುದು ಸಾಮಾನ್ಯವಾಗಿ ಬಳಕೆಯಲ್ಲಿರುವ ಅಂದಾಜು. ತಿಳಿದೂ ಒಪ್ಪಿ ಹೋಗುವವರು ಸಿಗುತ್ತಾರೆ, ಮತ್ತು ಅವರ ಒಪ್ಪಿಗೆಯನ್ನು ಗೌರವಿಸಬೇಕು ಎಂಬುದು ನನ್ನ ನಿಲುವು.

ತೂಕವಿಲ್ಲದ ಸ್ಥಿತಿಯಲ್ಲಿ ವ್ಯಾಯಾಮ ಮಾಡದಿದ್ದರೆ ಸೊಂಟದ ಮೂಳೆ ತಿಂಗಳಿಗೆ ಶೇಕಡಾ ಒಂದರಿಂದ ಒಂದೂವರೆಯಷ್ಟು ಸವೆಯುತ್ತದೆ. ಆದರೂ ರಷ್ಯಾದ ವೈದ್ಯ ವಲೇರಿ ಪಾಲ್ಯಕೋವ್ 1994ರಿಂದ 1995ರವರೆಗೆ ಮೀರ್ ಬಾಹ್ಯಾಕಾಶ ನಿಲ್ದಾಣದಲ್ಲಿ ಒಂದೇ ಸಮನೆ 437 ದಿನ ಇದ್ದು ಬಂದು, ಇಳಿದ ಮೇಲೆ ತಾವೇ ನಾಲ್ಕು ಹೆಜ್ಜೆ ನಡೆದು ತೋರಿಸಿದರು. ದೇಹ ತಡೆಯಬಲ್ಲುದು. ತಡೆಯಲಾಗದ್ದು ಅನಾಹುತವಾದಾಗ ನೆರವಿಲ್ಲದಿರುವುದು. ಸುನಿತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ 2024ರ ಜೂನ್‌ನಲ್ಲಿ ಎಂಟು ದಿನಕ್ಕೆಂದು ಹೋಗಿ 286 ದಿನ ಬಾಹ್ಯಾಕಾಶದಲ್ಲಿ ಉಳಿಯಬೇಕಾಗಿ ಬಂದಾಗ ಅವರಿಗೆ ಊಟ, ಬಟ್ಟೆ, ಬಿಡಿಭಾಗ ಎಲ್ಲವೂ ನೆಲದಿಂದ ಹೋಗುತ್ತಲೇ ಇದ್ದವು, ಏಕೆಂದರೆ ಅವರು ನಮ್ಮಿಂದ 400 ಕಿಲೋಮೀಟರ್ ಮೇಲಿದ್ದರು. ಮಂಗಳದ ದಾರಿಯಲ್ಲಿರುವವರಿಗೆ ಅಪೆಂಡಿಕ್ಸ್ ಕೆರಳಿದರೂ, ನೀರು ಶುದ್ಧಮಾಡುವ ಪಂಪ್ ಕೆಟ್ಟರೂ, ಇದ್ದವರೇ ಇದ್ದುದರಲ್ಲೇ ಸರಿಮಾಡಿಕೊಳ್ಳಬೇಕು.

ಇಳಿಯುವುದು ಮತ್ತು ಏಳುವುದು ಇನ್ನೂ ಕಠಿಣ. ಮಂಗಳದ ಗಾಳಿಯ ಒತ್ತಡ ನಮ್ಮದರ ಶೇಕಡಾ ಒಂದಕ್ಕಿಂತ ಕಡಿಮೆ. ನೌಕೆಯನ್ನು ಸುಡುವಷ್ಟು ಗಾಳಿ ಅಲ್ಲಿದೆ, ಪ್ಯಾರಾಚೂಟಿನಿಂದ ಮೆಲ್ಲಗೆ ಇಳಿಸುವಷ್ಟು ಇಲ್ಲ. ಇದುವರೆಗೆ ಸುರಕ್ಷಿತವಾಗಿ ಇಳಿದ ಭಾರದ ವಸ್ತುಗಳಲ್ಲಿ ಒಂದಾದ ಪರ್ಸಿವಿಯರೆನ್ಸ್ ರೋವರ್ ತೂಗುವುದು ಸುಮಾರು 1,025 ಕಿಲೋಗ್ರಾಂ. ಮನುಷ್ಯರ ವಸತಿ, ಆಹಾರ, ಮರಳುವ ರಾಕೆಟ್ ಇವುಗಳಿಗೆ ಒಂದೊಂದು ಸಲ ಇಪ್ಪತ್ತು ಟನ್ನಿಗಿಂತ ಹೆಚ್ಚು ಇಳಿಸಬೇಕು, ಅದೂ ಹಲವು ಸಲ, ಒಂದೇ ಜಾಗದ ಹತ್ತಿರ. ಮರಳಿ ಏಳಲು ಬೇಕಾದ ಇಂಧನದ ಲೆಕ್ಕ ನೋಡಿ: ನಾಲ್ವರನ್ನು ಮಂಗಳದ ನೆಲದಿಂದ ಮೇಲೆತ್ತಲು ಸುಮಾರು 7 ಟನ್ ಇಂಧನ ಮತ್ತು ಅದನ್ನು ಉರಿಸಲು 25 ಟನ್ ಆಮ್ಲಜನಕ ಬೇಕು. ಅದೇ ನಾಲ್ವರು ಒಂದು ವರ್ಷ ಉಸಿರಾಡಲು ಒಂದು ಟನ್ ಸಾಕು. ಇಷ್ಟು ಆಮ್ಲಜನಕವನ್ನು ಇಲ್ಲಿಂದ ಒಯ್ಯಲಾಗದು, ಅಲ್ಲಿಯ ಇಂಗಾಲದ ಡೈಆಕ್ಸೈಡಿನಿಂದಲೇ ಬೇರ್ಪಡಿಸಬೇಕು. ಪರ್ಸಿವಿಯರೆನ್ಸ್ ಒಳಗಿದ್ದ ಮಾಕ್ಸಿ ಎಂಬ ಪೆಟ್ಟಿಗೆ ಇದು ಸಾಧ್ಯವೆಂದು ತೋರಿಸಿತು: 2021ರಿಂದ 2023ರವರೆಗೆ 16 ಸಲ ಓಡಿ ಒಟ್ಟು 122 ಗ್ರಾಂ ಆಮ್ಲಜನಕ ತಯಾರಿಸಿತು. ಆ 122 ಗ್ರಾಂ ನನಗೆ ಬಹಳ ಸಂತೋಷ ಕೊಟ್ಟ ಸುದ್ದಿಗಳಲ್ಲಿ ಒಂದು. ಆದರೆ 25 ಟನ್ ಎಂದರೆ ಅದರ ಎರಡು ಲಕ್ಷ ಪಟ್ಟು, ಮತ್ತು ಆ ಟ್ಯಾಂಕ್ ತುಂಬಿದ ಸಂದೇಶ ಭೂಮಿಗೆ ಬರುವವರೆಗೂ ಯಾರನ್ನೂ ಅಲ್ಲಿಗೆ ಕಳುಹಿಸಬಾರದು.

ಹಣದ ಬಗ್ಗೆ ನಿಮ್ಮ ವಿದ್ಯಾರ್ಥಿಗಳು 450 ಕೋಟಿಯನ್ನು ಎತ್ತಿದ್ದಾರೆ. ಆ ಅಂಕಿ ಹೆಮ್ಮೆಯದು, ಆದರೆ ಮನುಷ್ಯಯಾನಕ್ಕೆ ಅದು ಅಳತೆಗೋಲಾಗದು. ಮಂಗಳಯಾನ ಒಯ್ದ ವೈಜ್ಞಾನಿಕ ಉಪಕರಣಗಳ ಒಟ್ಟು ತೂಕವೇ ಸುಮಾರು 15 ಕಿಲೋಗ್ರಾಂ. ಭೂಮಿಯ ಹತ್ತಿರದ ಕಕ್ಷೆಗೆ ಭಾರತೀಯರನ್ನು ಕಳುಹಿಸಿ ಹಿಂದಕ್ಕೆ ತರುವ ಗಗನಯಾನ ಕಾರ್ಯಕ್ರಮಕ್ಕೆ, ಭಾರತದ ಮುಂದಿನ ಬಾಹ್ಯಾಕಾಶ ನಿಲ್ದಾಣದ ಮೊದಲ ಭಾಗವೂ ಸೇರಿ, 2024ರಲ್ಲಿ ಮಂಜೂರಾದ ಒಟ್ಟು ಮೊತ್ತ 20,193 ಕೋಟಿ ರೂಪಾಯಿ. ಅಮೆರಿಕದ ಅಧ್ಯಕ್ಷ ಹಿರಿಯ ಬುಷ್ ಅವರು 1989ರಲ್ಲಿ ಚಂದ್ರ ಮತ್ತು ಮಂಗಳಕ್ಕೆ ಮನುಷ್ಯರನ್ನು ಕಳುಹಿಸುವ ಯೋಜನೆ ಘೋಷಿಸಿದಾಗ ಅದರ ವೆಚ್ಚ ಸುಮಾರು 50,000 ಕೋಟಿ ಡಾಲರ್ ಎಂಬ ಅಂದಾಜು ಹೊರಬಿದ್ದಿತು. ಸಂಸತ್ತು ಅದನ್ನು ಮುಂದುವರಿಯಲು ಬಿಡಲಿಲ್ಲ. ಇಷ್ಟು ಹಣವನ್ನು ಬಡವರಿಗೆ ಕೊಡಬಾರದೇ ಎಂಬ ಪ್ರಶ್ನೆ ನ್ಯಾಯವಾದದ್ದೇ, ಆದರೆ ಒಂದು ಯೋಜನೆ ರದ್ದಾದ ಮಾತ್ರಕ್ಕೆ ಅದರ ಹಣ ಆಸ್ಪತ್ರೆಗೆ ಹೋದ ಉದಾಹರಣೆ ವಿರಳ. ನಿಜವಾದ ಪೈಪೋಟಿ ನಡೆಯುವುದು ವಿಜ್ಞಾನದ ಬಜೆಟ್ಟಿನ ಒಳಗೆ. ಮನುಷ್ಯಯಾನದ ದೊಡ್ಡ ವೆಚ್ಚ ಬಂದಾಗ ಮೊದಲು ಕತ್ತರಿ ಬೀಳುವುದು ಶುಕ್ರಕ್ಕೆ, ಗುರುವಿನ ಉಪಗ್ರಹಗಳಿಗೆ ಹೋಗಬೇಕಾದ ಸಣ್ಣ ನೌಕೆಗಳಿಗೆ. ವಿಜ್ಞಾನಿಗಳಲ್ಲಿ ಅನೇಕರು ಮನುಷ್ಯಯಾನವನ್ನು ವಿರೋಧಿಸಲು ಈ ಅನುಭವವೇ ಕಾರಣ.

ಬಾವುಟದ ವಾದವನ್ನು ನಾನು ಬೇಗ ಮುಗಿಸುತ್ತೇನೆ. ಪೈಪೋಟಿ ಮನುಷ್ಯನನ್ನು ಚಂದ್ರನ ಮೇಲೆ ಇಳಿಸಿತು ಎಂಬುದು ನಿಜ. ಪೈಪೋಟಿ ಮುಗಿದೊಡನೆ ಯೋಜಿಸಿದ್ದ ಕೊನೆಯ ಮೂರು ಅಪೋಲೊ ಯಾನಗಳು ರದ್ದಾದವು, ಸರ್ನನ್ ಬಿಟ್ಟು ಬಂದ ನೆಲವನ್ನು ಅರ್ಧ ಶತಮಾನ ಯಾರೂ ಮುಟ್ಟಲಿಲ್ಲ ಎಂಬುದೂ ಅಷ್ಟೇ ನಿಜ.

ನಿಮ್ಮ ಮೊದಲ ಪಂಗಡದ ಮಕ್ಕಳು ಹೇಳುವ ಆಶ್ರಯದ ವಾದಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಬೇಕು, ಏಕೆಂದರೆ ಜನಪ್ರಿಯವಾಗಿರುವುದು ಅದೇ. ಸ್ಪೇಸ್‌ಎಕ್ಸ್ ಸ್ಥಾಪಕ ಇಲಾನ್ ಮಸ್ಕ್ ಅವರೂ ಇದನ್ನೇ ಮುಂದಿಡುತ್ತಾರೆ: ಒಂದೇ ಗ್ರಹದಲ್ಲಿರುವ ಜೀವಕುಲ ಒಂದೇ ಅನಾಹುತದಲ್ಲಿ ಅಳಿಯಬಹುದು. ಅನಾಹುತದ ಮಾತು ಸುಳ್ಳಲ್ಲ, 6.6 ಕೋಟಿ ವರ್ಷಗಳ ಹಿಂದೆ ಬಂದಪ್ಪಳಿಸಿದ ಕ್ಷುದ್ರಗ್ರಹ ಡೈನೋಸಾರ್‌ಗಳ ಯುಗವನ್ನು ಮುಗಿಸಿತು. ಆದರೆ ಆ ಅಪ್ಪಳಿಕೆಯ ಮರುದಿನದ ಭೂಮಿಯಲ್ಲಿ ಕೂಡ ಉಸಿರಾಡಲು ಗಾಳಿ ಇತ್ತು, ಸಮುದ್ರ ಇತ್ತು, ಕಾಂತಕ್ಷೇತ್ರದ ರಕ್ಷೆ ಇತ್ತು. ಮಂಗಳದಲ್ಲಿ ಅತ್ಯಂತ ಒಳ್ಳೆಯ ದಿನವೂ ಇವು ಯಾವುವೂ ಇಲ್ಲ. ಸರಾಸರಿ ಉಷ್ಣತೆ ಸೊನ್ನೆಗಿಂತ 60 ಡಿಗ್ರಿ ಕೆಳಗೆ. ಗಾಳಿಯಲ್ಲಿ ಶೇಕಡಾ 95ರಷ್ಟು ಇಂಗಾಲದ ಡೈಆಕ್ಸೈಡ್. ಮಣ್ಣಿನಲ್ಲಿ ಥೈರಾಯ್ಡ್ ಗ್ರಂಥಿಗೆ ತೊಂದರೆ ಕೊಡುವ ಪರ್ಕ್ಲೋರೇಟ್ ಲವಣ. ಅಲ್ಲಿನ ಇಂಗಾಲದ ಡೈಆಕ್ಸೈಡನ್ನೆಲ್ಲ ಬಿಡುಗಡೆ ಮಾಡಿ ಗ್ರಹವನ್ನೇ ಬೆಚ್ಚಗಾಗಿಸಬಹುದೆಂಬ ಕಲ್ಪನೆಯನ್ನು 2018ರಲ್ಲಿ ಬ್ರೂಸ್ ಜಕೋಸ್ಕಿ ಮತ್ತು ಕ್ರಿಸ್ಟೋಫರ್ ಎಡ್ವರ್ಡ್ಸ್ ಲೆಕ್ಕ ಹಾಕಿ ನೋಡಿದರು. ಕೈಗೆ ಸಿಗುವಷ್ಟು ಅನಿಲ ಅದಕ್ಕೆ ಸಾಲದು ಎಂದು ಕಂಡುಬಂತು. ಕ್ಷುದ್ರಗ್ರಹದ ಭಯವಿದ್ದರೆ ಅದನ್ನು ತಳ್ಳುವ ವಿದ್ಯೆ ಕಲಿಯುವುದು ಅಗ್ಗ: 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ದೊಡ್ಡ ಕ್ಷುದ್ರಗ್ರಹವೊಂದನ್ನು ಸುತ್ತುವ ಡೈಮಾರ್ಫಸ್ ಎಂಬ ಪುಟ್ಟ ಕಾಯಕ್ಕೆ ಬೇಕೆಂದೇ ಡಿಕ್ಕಿ ಹೊಡೆದು ಅದರ ಪರಿಭ್ರಮಣದ ಅವಧಿಯನ್ನು ಅರ್ಧ ಗಂಟೆಗೂ ಹೆಚ್ಚು ಕಡಿಮೆಮಾಡಿತು.

ನೆಲೆಸುವುದೆಂದರೆ ಮಕ್ಕಳನ್ನು ಹೆರುವುದು ಎಂಬುದನ್ನೂ ಮರೆಯಬಾರದು. ಮಂಗಳದ ಗುರುತ್ವ ನಮ್ಮದರ ಶೇಕಡಾ 38. ಆ ಗುರುತ್ವದಲ್ಲಿ ಯಾವ ಮನುಷ್ಯನೂ ಒಂದು ದಿನವೂ ಬದುಕಿಲ್ಲ. ಅಲ್ಲಿ ಗರ್ಭ ಹೇಗೆ ಬೆಳೆಯುತ್ತದೆ, ಮಗುವಿನ ಮೂಳೆ ಹೇಗಾಗುತ್ತದೆ ಎಂಬುದನ್ನು ಯಾರೂ ನೋಡಿಲ್ಲ. ಅಪಾಯಕ್ಕೆ ಒಪ್ಪಿ ಹೋಗುವ ಗಗನಯಾತ್ರಿಯ ಹಕ್ಕನ್ನು ನಾನು ಗೌರವಿಸುತ್ತೇನೆ ಎಂದೆ. ಹುಟ್ಟಲಿರುವ ಮಗುವಿನ ಪರವಾಗಿ ಹಾಗೆ ಒಪ್ಪುವ ಹಕ್ಕು ಯಾರಿಗೂ ಇಲ್ಲ. ಆದ್ದರಿಂದ ಈ ಪೀಳಿಗೆಯ ಚರ್ಚೆಯಲ್ಲಿ ಆಶ್ರಯದ ವಾದವನ್ನು ಪಕ್ಕಕ್ಕಿಡುವುದು ಒಳ್ಳೆಯದು.

ಈಗ ನನಗೆ ಅತ್ಯಂತ ಮುಖ್ಯವೆನಿಸುವ, ಆದರೆ ಸಾರ್ವಜನಿಕ ಚರ್ಚೆಯಲ್ಲಿ ಬಹುಮಟ್ಟಿಗೆ ಕಾಣೆಯಾಗಿರುವ ವಿಷಯಕ್ಕೆ ಬರುತ್ತೇನೆ. ಮಂಗಳದಲ್ಲಿ ನಾವು ಹುಡುಕುತ್ತಿರುವುದು ಜೀವವನ್ನು. ಮನುಷ್ಯನ ದೇಹದ ಒಳಗೂ ಹೊರಗೂ ಹತ್ತಾರು ಲಕ್ಷ ಕೋಟಿ ಸೂಕ್ಷ್ಮಜೀವಿಗಳಿವೆ. ಉಪಕರಣವನ್ನು ಕಾಯಿಸಿ ಶುದ್ಧ ಮಾಡಬಹುದು. 1976ರಲ್ಲಿ ಇಳಿದ ಎರಡು ವೈಕಿಂಗ್ ಲ್ಯಾಂಡರ್‌ಗಳನ್ನು ಹಾರಿಸುವ ಮೊದಲು 110 ಡಿಗ್ರಿಗೂ ಮೀರಿದ ಒಣಶಾಖದಲ್ಲಿ ಹತ್ತಾರು ಗಂಟೆ ಇಡಲಾಗಿತ್ತು. ಮನುಷ್ಯನನ್ನು ಹಾಗೆ ಶುದ್ಧ ಮಾಡಲಾಗದು. ಅವನ ವಸತಿಯಿಂದ ಗಾಳಿ ಸೋರುತ್ತದೆ, ಬಾಗಿಲು ತೆರೆದಾಗಲೆಲ್ಲ ಧೂಳಿನೊಡನೆ ಸೂಕ್ಷ್ಮಜೀವಿಗಳು ಹೊರಹೋಗುತ್ತವೆ, ಮಲಮೂತ್ರಗಳನ್ನು ಎಲ್ಲಾದರೂ ಇಡಬೇಕು. ಒಂದು ಇಳಿಯುವಿಕೆ ವಿಫಲವಾಗಿ ನೌಕೆ ಒಡೆದರೆ ಎಲ್ಲವೂ ಒಮ್ಮೆಗೇ ಹರಡುತ್ತದೆ. ಕಳ್ಳತನವಾದ ಮನೆಯಲ್ಲಿ ಬೆರಳಚ್ಚು ತೆಗೆಯುವ ಮೊದಲೇ ಊರ ಜನರೆಲ್ಲ ಒಳಹೊಕ್ಕು ಎಲ್ಲವನ್ನೂ ಮುಟ್ಟಿದರೆ ಆಗುವಂಥ ಸ್ಥಿತಿ ಇದು.

ಮಾಲಿನ್ಯದ ಅನುಮಾನ ಎಷ್ಟು ದುಬಾರಿ ಎಂಬುದಕ್ಕೆ ವೈಕಿಂಗ್ ಕಥೆಯೇ ಸಾಕ್ಷಿ. ಆ ಲ್ಯಾಂಡರ್‌ಗಳು ಮಂಗಳದ ಮಣ್ಣನ್ನು ಕಾಯಿಸಿದಾಗ ಕ್ಲೋರಿನ್ ಸೇರಿದ ಸರಳ ಸಾವಯವ (ಇಂಗಾಲ ಆಧಾರಿತ) ಅನಿಲಗಳು ಸ್ವಲ್ಪ ಕಂಡವು. ಭೂಮಿಯಲ್ಲಿ ಉಪಕರಣ ತೊಳೆಯಲು ಬಳಸಿದ ದ್ರಾವಣದ ಉಳಿಕೆ ಇರಬೇಕೆಂದು ಅವುಗಳನ್ನು ಬದಿಗಿಟ್ಟು, ಮಣ್ಣಿನಲ್ಲಿ ಸಾವಯವ ವಸ್ತು ಇಲ್ಲವೆಂಬ ತೀರ್ಮಾನಕ್ಕೆ ಬರಲಾಯಿತು. 2008ರಲ್ಲಿ ಫೀನಿಕ್ಸ್ ಲ್ಯಾಂಡರ್ ಮಂಗಳದ ಮಣ್ಣಿನಲ್ಲಿ ಪರ್ಕ್ಲೋರೇಟ್ ಕಂಡುಹಿಡಿದ ಮೇಲೆ, ಆ ಲವಣ ಬಿಸಿಯಾದಾಗ ಸಾವಯವ ವಸ್ತುವನ್ನು ಸುಟ್ಟು ಅಂಥವೇ ಅನಿಲಗಳನ್ನು ಕೊಡುತ್ತದೆ ಎಂದು ಪ್ರಯೋಗಗಳು ತೋರಿಸಿದವು. ಮೂವತ್ತು ವರ್ಷಗಳ ಹಿಂದೆ ಕಂಡದ್ದು ಮಂಗಳದ್ದೇ ಆಗಿರಬಹುದೆಂಬ ಮಾತು ಆಗ ಎದ್ದಿತು. ಅಂಟಾರ್ಕ್ಟಿಕದಲ್ಲಿ 1984ರಲ್ಲಿ ಸಿಕ್ಕ ಮಂಗಳದ ಉಲ್ಕಾಶಿಲೆಯೊಂದರಲ್ಲಿ ಜೀವದ ಗುರುತುಗಳಿವೆ ಎಂದು 1996ರಲ್ಲಿ ಘೋಷಣೆಯಾದಾಗಲೂ ಇದೇ ತೊಡಕು ಎದುರಾಯಿತು: ಆ ಕಲ್ಲು ಸುಮಾರು 13,000 ವರ್ಷ ಹಿಮದಲ್ಲಿ ಬಿದ್ದಿತ್ತು, ಅದರೊಳಗಿನ ಸಾವಯವ ವಸ್ತುವಿನ ಬಹುಪಾಲು ಭೂಮಿಯದೇ ಎಂದು ಮುಂದಿನ ಪರೀಕ್ಷೆಗಳು ತೋರಿಸಿದವು. ಕಾಯಿಸಿ ಶುದ್ಧಮಾಡಿದ ಲ್ಯಾಂಡರಿನ ವಿಷಯದಲ್ಲೇ ಹೀಗಾದರೆ, ಮನುಷ್ಯರು ವಾಸಿಸಿದ ಜಾಗದ ಪಕ್ಕದಲ್ಲಿ ಕೊರೆದು ತೆಗೆದ ಮಾದರಿಯಲ್ಲಿ ಒಂದು ಜೀವಕೋಶ ಸಿಕ್ಕರೆ ಅದನ್ನು ಯಾರು ನಂಬುತ್ತಾರೆ?

ಇದಕ್ಕೆ ಪ್ರತಿವಾದಗಳಿವೆ, ಅವು ಹಗುರವಾದವಲ್ಲ. ಮಂಗಳದ ಮೇಲ್ಮೈಯ ನೇರಳಾತೀತ ಕಿರಣಗಳು ಬಹುಪಾಲು ಸೂಕ್ಷ್ಮಜೀವಿಗಳನ್ನು ನಿಮಿಷಗಳಲ್ಲಿ ಕೊಲ್ಲುತ್ತವೆ. ಉಲ್ಕೆಗಳ ಮೂಲಕ ಎರಡು ಗ್ರಹಗಳ ನಡುವೆ ಕೋಟ್ಯಂತರ ವರ್ಷಗಳಿಂದ ಕಲ್ಲುಗಳ ವಿನಿಮಯ ನಡೆದೇ ಇದೆ. ಭೂಮಿಯ ಜೀವಿ ಸಿಕ್ಕರೆ ಅದರ ಡಿಎನ್ಎ ಓದಿ ಗುರುತಿಸಬಹುದು. ಮೊದಲ ಮಾತು ಬಿಸಿಲು ಬೀಳುವ ಜಾಗಕ್ಕೆ ಸರಿ, ತೆಳು ಧೂಳಿನ ಪದರದ ಕೆಳಗೂ ಕೊರೆದ ರಂಧ್ರದೊಳಗೂ ಸರಿಯಲ್ಲ; ನಾವು ಜೀವವನ್ನು ಹುಡುಕಬೇಕಾದದ್ದು ಅಲ್ಲಿಯೇ. ಎರಡನೆಯದು ನನ್ನ ಚಿಂತೆಯನ್ನು ಹೆಚ್ಚಿಸುತ್ತದೆ. ಹಿಂದೆಂದೋ ಕಲ್ಲಿನೊಡನೆ ಜೀವ ಅತ್ತಿತ್ತ ಹೋಗಿದ್ದರೆ ಮಂಗಳದ ಜೀವಿ ನಮ್ಮ ದೂರದ ದಾಯಾದಿಯಾಗಿರುತ್ತದೆ, ಅದರಲ್ಲೂ ಡಿಎನ್ಎ ಇರುತ್ತದೆ. ಆಗ ಗಗನಯಾತ್ರಿಯ ಚರ್ಮದಿಂದ ಉದುರಿದ್ದು ಯಾವುದು, ಅಲ್ಲಿಯದೇ ಯಾವುದು ಎಂದು ಬೇರ್ಪಡಿಸಲು ಮನುಷ್ಯರು ಕಾಲಿಡುವ ಮುಂಚಿನ ಮಾದರಿಗಳು ಬೇಕೇ ಬೇಕು.

ಕಾನೂನು ಈ ಬಗ್ಗೆ ಮೌನವಾಗಿಲ್ಲ. ಭಾರತವೂ ಸೇರಿರುವ 1967ರ ಬಾಹ್ಯಾಕಾಶ ಒಪ್ಪಂದದ ಒಂಬತ್ತನೆಯ ವಿಧಿ, ಇತರ ಕಾಯಗಳನ್ನು ಹಾನಿಕರವಾಗಿ ಮಲಿನಗೊಳಿಸಬಾರದೆಂದು ದೇಶಗಳನ್ನು ಬದ್ಧಗೊಳಿಸುತ್ತದೆ, ಮತ್ತು ಖಾಸಗಿ ಕಂಪನಿಗಳ ಮೇಲೆ ನಿಗಾ ಇಡುವ ಹೊಣೆಯನ್ನೂ ಅದೇ ಒಪ್ಪಂದ ಆಯಾ ದೇಶದ ಮೇಲೆ ಹೊರಿಸುತ್ತದೆ. ಯಂತ್ರಗಳಿಗೆ ಎಷ್ಟು ಶುದ್ಧತೆ ಬೇಕೆಂಬ ವಿವರವಾದ ನಿಯಮಗಳನ್ನು ಕೋಸ್ಪಾರ್ ಎಂಬ ಅಂತರರಾಷ್ಟ್ರೀಯ ವಿಜ್ಞಾನ ಸಮಿತಿ ರೂಪಿಸಿದೆ. ಮನುಷ್ಯರು ಹೋಗುವ ಯಾನಗಳಿಗೆ ಅಷ್ಟು ಖಚಿತವಾದ ಅಂಕಿಗಳ ನಿಯಮಗಳು ಇನ್ನೂ ಬರಬೇಕಾಗಿವೆ, ಮತ್ತು ರಾಕೆಟ್‌ಗಳ ತಯಾರಿ ನಿಯಮಗಳಿಗಿಂತ ವೇಗವಾಗಿ ಸಾಗುತ್ತಿದೆ.

ಈ ಹೊತ್ತಿನಲ್ಲೇ ಜೆಜೆರೋ ಕುಳಿಯ ಪರ್ಸಿವಿಯರೆನ್ಸ್ 2024ರ ಜುಲೈನಲ್ಲಿ ಒಂದು ಕಲ್ಲನ್ನು ಕಂಡಿತು. ಅದಕ್ಕೆ ಚೆಯಾವಾ ಫಾಲ್ಸ್ ಎಂದು ಹೆಸರಿಟ್ಟಿದ್ದಾರೆ. ಅದರ ಮೇಲೆ ಚಿರತೆಯ ಮೈಮೇಲಿನಂಥ ಚುಕ್ಕೆಗಳಿವೆ. ಭೂಮಿಯಲ್ಲಿ ಅಂಥ ಚುಕ್ಕೆಗಳ ಅಂಚಿನಲ್ಲಿ ಕಾಣುವ ಕಬ್ಬಿಣದ ಖನಿಜಗಳು ಹಲವು ಸಲ ಸೂಕ್ಷ್ಮಜೀವಿಗಳ ಕೆಲಸದಿಂದ ಉಂಟಾಗುತ್ತವೆ, ಜೀವವಿಲ್ಲದೆಯೂ ಉಂಟಾಗಬಹುದು. 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಜೀವದ ಸಂಭಾವ್ಯ ಕುರುಹು ಎಂದಷ್ಟೇ ಕರೆಯಿತು. ತೀರ್ಮಾನವಾಗಬೇಕಾದರೆ ಆ ಕಲ್ಲಿನಿಂದ ತೆಗೆದ ಮಾದರಿ ನಮ್ಮ ಪ್ರಯೋಗಾಲಯಕ್ಕೆ ಬರಬೇಕು. ಅದು ಈಗಾಗಲೇ ಮೊಹರಾದ ನಳಿಗೆಯಲ್ಲಿದೆ. ತರುವ ಯೋಜನೆಗೆ 1,100 ಕೋಟಿ ಡಾಲರ್ ಆಗಬಹುದು, 2040ರವರೆಗೆ ಕಾಯಬೇಕಾಗಬಹುದು ಎಂಬ ಅಂದಾಜು ಬಂದಾಗ, ನಾಸಾ 2024ರಲ್ಲಿ ಅದನ್ನು ನಿಲ್ಲಿಸಿ ಅಗ್ಗದ ದಾರಿ ಹುಡುಕಲು ಹೊರಟಿತು. ಚೀನಾ ತನ್ನ ತಿಯಾನ್‌ವೆನ್ 3 ಯಾನವನ್ನು 2028ರ ಸುಮಾರಿಗೆ ಹಾರಿಸಿ ಬೇರೆ ಜಾಗದ ಮಣ್ಣು ತರುವ ಸಿದ್ಧತೆಯಲ್ಲಿದೆ. ಮನುಷ್ಯರನ್ನು ಇಳಿಸಲು ಇದರ ಹಲವು ಪಟ್ಟು ಹಣ ಖರ್ಚು ಮಾಡುವ ಮಾತಾಡುತ್ತ, ಬೆರಳು ಗಾತ್ರದ ಈ ನಳಿಗೆಯನ್ನು ದುಬಾರಿ ಎನ್ನುವುದು ನನಗೆ ಅರ್ಥವಾಗದ ನಿರ್ಧಾರ.

ಹಾಗಾದರೆ ಮನುಷ್ಯರು ಕಾದು ಕೂರಬೇಕೇ? ಬೇಕಾಗಿಲ್ಲ. ಮಂಗಳದ ಉಪಗ್ರಹ ಫೋಬೋಸ್ ಅದರ ನೆಲದಿಂದ ಸುಮಾರು 6,000 ಕಿಲೋಮೀಟರ್ ಎತ್ತರದಲ್ಲಷ್ಟೇ ಸುತ್ತುತ್ತದೆ. ಅಲ್ಲಿ ಅಥವಾ ಕಕ್ಷೆಯಲ್ಲಿ ನಿಂತ ಗಗನಯಾತ್ರಿಗಳು ನೆಲದ ಮೇಲಿನ ಶುದ್ಧ ಯಂತ್ರಗಳನ್ನು ಕ್ಷಣಮಾತ್ರದ ವಿಳಂಬದಲ್ಲಿ ನಡೆಸಬಹುದು. 2018ರಲ್ಲಿ ಅಲೆಕ್ಸಾಂಡರ್ ಗೆರ್ಸ್ಟ್ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಜರ್ಮನಿಯ ಪ್ರಯೋಗಾಲಯದಲ್ಲಿದ್ದ ಜಸ್ಟಿನ್ ಎಂಬ ರೋಬೋವನ್ನು ನಡೆಸಿ ಈ ವಿಧಾನ ಸಾಧ್ಯವೆಂದು ತೋರಿಸಿದರು. ಇದರಿಂದ ಇಳಿಯುವ ಮತ್ತು ಏಳುವ ಅಪಾಯ ತಪ್ಪುತ್ತದೆ, ಮಾಲಿನ್ಯ ತಪ್ಪುತ್ತದೆ, ಮನುಷ್ಯನ ತೀರ್ಮಾನಶಕ್ತಿಯ ಬಹುಪಾಲು ಉಳಿಯುತ್ತದೆ. ವಿಕಿರಣ ಮಾತ್ರ ತಪ್ಪುವುದಿಲ್ಲ, ಏಕೆಂದರೆ ಗ್ರಹದ ನೆಲ ಕೊಡುವ ಅರ್ಧ ಮರೆ ಕಕ್ಷೆಯಲ್ಲಿ ಸಿಗದು.

ಅಲ್ಲಿಯವರೆಗೆ ಮಾಡಬೇಕಾದ ಕೆಲಸ ಭೂಮಿಯ ಹತ್ತಿರವೇ ಬೇಕಾದಷ್ಟಿದೆ. ಬಾಹ್ಯಾಕಾಶ ನಿಲ್ದಾಣ ತನ್ನ ನೀರಿನ ಶೇಕಡಾ 98ರಷ್ಟನ್ನು ಮರಳಿ ಪಡೆಯುವ ಮಟ್ಟ ತಲುಪಿದ್ದು 2023ರಲ್ಲಿ. ಆಹಾರ ಬೆಳೆಯುವುದರಲ್ಲಿ ನಾವಿನ್ನೂ ಆರಂಭದಲ್ಲಿದ್ದೇವೆ. 2025ರ ಜೂನ್‌ನಲ್ಲಿ ನಿಲ್ದಾಣಕ್ಕೆ ಹೋದ ಶುಭಾಂಶು ಶುಕ್ಲಾ ಅವರು ಅಲ್ಲಿ ಮೊಳಕೆ ಬರಿಸಿದ ಮೆಂತ್ಯ ಮತ್ತು ಹೆಸರುಕಾಳಿನ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ವಿಜ್ಞಾನಿಗಳದು. ನಿಮ್ಮ ಮಕ್ಕಳಿಗೆ ಇದನ್ನು ಹೇಳಿ; ಮಂಗಳಕ್ಕೆ ಮನುಷ್ಯರನ್ನು ಕಳುಹಿಸುವ ಕೆಲಸದಲ್ಲಿ ಪಾಲ್ಗೊಳ್ಳಲು ರಾಕೆಟ್ ಎಂಜಿನಿಯರೇ ಆಗಬೇಕೆಂದೇನೂ ಇಲ್ಲ, ಬೀಜ ಮತ್ತು ಮಣ್ಣು ತಿಳಿದವರೂ ಬೇಕು.

ಕೊನೆಯದಾಗಿ, ಹುಡುಕಾಟ ಸಾಕಷ್ಟಾಯಿತು ಎಂದು ಯಾವಾಗ ಹೇಳಬಹುದು ಎಂಬ ಪ್ರಶ್ನೆ ನನ್ನ ನಿಲುವಿನ ದುರ್ಬಲ ಸ್ಥಳ, ಮತ್ತು ನಿಮ್ಮ ತರಗತಿಯ ಚುರುಕಾದ ಮಕ್ಕಳು ಅದನ್ನು ಹಿಡಿಯುತ್ತಾರೆ. ಇಡೀ ಗ್ರಹದಲ್ಲಿ ಜೀವ ಇಲ್ಲವೆಂದು ಸಾಬೀತುಪಡಿಸಲು ಎಂದೂ ಆಗದು. ಹಾಗೆ ಕಾಯುತ್ತ ಹೋದರೆ ಮನುಷ್ಯರು ಎಂದೂ ಇಳಿಯುವುದಿಲ್ಲ. ಅದಕ್ಕಾಗಿ ಒಂದು ಗೆರೆ ಎಳೆಯಲೇಬೇಕು. ನನ್ನ ಗೆರೆ ಇಲ್ಲಿದೆ: ಜೆಜೆರೋದ ನಳಿಗೆಗಳೂ ಸೇರಿ ಕನಿಷ್ಠ ಎರಡು ಬೇರೆ ಬೇರೆ ಪ್ರದೇಶಗಳ ಮಾದರಿಗಳು ಭೂಮಿಗೆ ಬಂದು ಒಂದಕ್ಕಿಂತ ಹೆಚ್ಚು ದೇಶಗಳ ಪ್ರಯೋಗಾಲಯಗಳಲ್ಲಿ ಪರೀಕ್ಷೆಯಾಗಬೇಕು, ವಿಕಿರಣ ಕಡಿಮೆ ತಲುಪುವ ಎರಡು ಮೀಟರ್ ಆಳದಿಂದ ಮಣ್ಣು ತೆಗೆಯಲೆಂದು ರೂಪಿಸಿರುವ, 2028ರಲ್ಲಿ ಹಾರಬೇಕಾಗಿರುವ ಯುರೋಪಿನ ರೋಸಲಿಂಡ್ ಫ್ರಾಂಕ್ಲಿನ್ ರೋವರ್ ತನ್ನ ಕೆಲಸ ಮುಗಿಸಬೇಕು, ಮನುಷ್ಯರು ಇಳಿಯುವ ಜಾಗವನ್ನು ನೀರು, ಮಂಜುಗಡ್ಡೆ ಇರಬಹುದಾದ ಪ್ರದೇಶಗಳಿಂದ ದೂರ ಆರಿಸಿ, ಅಲ್ಲಿಯ ಮಣ್ಣಿನ ಮಾದರಿಯನ್ನು ಮೊದಲೇ ತೆಗೆದಿಡಬೇಕು. ಇಷ್ಟರಲ್ಲಿ ಜೀವದ ಗುರುತು ಸಿಗದಿದ್ದರೆ ಇಳಿಯಲಿ. ಸಿಕ್ಕರೆ ಆ ಜೀವವನ್ನು ಅಲ್ಲಿಯೇ ಅದರ ಪಾಡಿಗೆ ಬಿಟ್ಟು ಕಕ್ಷೆಯಿಂದಲೇ ಓದಬೇಕು ಎಂಬುದು ನನ್ನ ಮತ. ಈ ಗೆರೆ ಇನ್ನೂ ಕಟ್ಟುನಿಟ್ಟಾಗಬೇಕೋ, ಸಡಿಲವಾಗಬೇಕೋ ಎಂಬುದನ್ನೇ ಮುಂದಿನ ಸಲ ತರಗತಿಯಲ್ಲಿ ಚರ್ಚೆಗೆ ಇಡಿ.